ಟಿಬಿ ಅಂದುಕೊಂಡಿದ್ದ ಗಂಟು ಕ್ಯಾರೋಟಿಡ್ ಗಡ್ಡೆಯಾದಾಗ

ಪ್ರಶ್ನೆ: ನಾನು 41 ವರ್ಷದ ಹೆಂಗಸು. ಊರು ಸಾಗರದ ಹತ್ತಿರ. ಬಲಗಡೆ ದವಡೆಯ ಕೆಳಗೆ, ಕುತ್ತಿಗೆಯಲ್ಲಿ ನಾಲ್ಕು ವರ್ಷದಿಂದ ಒಂದು ಗಂಟು ಇದೆ. ನೋವಿಲ್ಲ, ಜ್ವರ ಇಲ್ಲ. ಎರಡು ವರ್ಷದ ಹಿಂದೆ ಒಂದು ಕಡೆ ತೋರಿಸಿದಾಗ ಸೂಜಿ ಚುಚ್ಚಿ ನೋಡಿದರು. ಬರೀ ರಕ್ತ ಬಂತು. ಟಿಬಿ ಗಂಟೇ ಇರಬೇಕು ಎಂದು ಆರು ತಿಂಗಳು ಮಾತ್ರೆ ಕೊಟ್ಟರು. ಪೂರ್ತಿ ನುಂಗಿದೆ, ಗಂಟು ಒಂಚೂರೂ ಕರಗಲಿಲ್ಲ. ಹೋದ ತಿಂಗಳು ಬೇರೆ ಕಡೆ ಸ್ಕ್ಯಾನಿಂಗ್ ಮಾಡಿಸಿದೆ. ‘ಕ್ಯಾರೋಟಿಡ್ ಬಾಡಿ ಪ್ಯಾರಾಗ್ಯಾಂಗ್ಲಿಯೋಮಾ, 3.2 ಸೆಂ.ಮೀ.’ ಎಂದು ಬರೆದಿದ್ದಾರೆ. ಮೊಬೈಲಿನಲ್ಲಿ ಹುಡುಕಿದರೆ ಕ್ಯಾನ್ಸರ್ ಎಂದೂ ಇದೆ, ಅಲ್ಲ ಎಂದೂ ಇದೆ. ತಕ್ಷಣ ಆಪರೇಷನ್ ಆಗಬೇಕಾ? ತೀರಿಹೋದ ನಮ್ಮ ಅಪ್ಪನಿಗೂ ಇಂಥದ್ದೇ ಗಂಟು ಇತ್ತು. ಅವರು ಯಾರಿಗೂ ತೋರಿಸಲಿಲ್ಲ. ನನಗೆ ಒಬ್ಬ ಮಗ, ಒಬ್ಬಳು ಮಗಳು. ಒಬ್ಬ ತಮ್ಮನೂ ಇದ್ದಾನೆ. ಮಕ್ಕಳಿಗೂ ಬರುತ್ತದಾ? ನಮ್ಮತ್ತೆ ಸೊಪ್ಪಿನ ಪಟ್ಟು ಹಾಕೋಣ ಅನ್ನುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ನೀವು ಕೊನೆಗೆ, ಸುಮ್ನೆ ಸೇರಿಸಿದಂತೆ ಬರೆದ ಒಂದು ಮಾತಿದೆ. ಅಪ್ಪನಿಗೂ ಗಂಟು ಇತ್ತು ಎಂಬುದು. ನನ್ನ ಮಟ್ಟಿಗೆ ನಿಮ್ಮ ಸ್ಕ್ಯಾನಿಂಗ್ ರಿಪೋರ್ಟಿನಷ್ಟೇ ದೊಡ್ಡ ಮಾತು ಅದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಈ ಜಾತಿಯ ಗಡ್ಡೆಗಳಲ್ಲಿ ಹೆಚ್ಚಿನವು ಇದ್ದಲ್ಲೇ ನಿಧಾನವಾಗಿ ಬೆಳೆಯುತ್ತವೆ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಲೆಕ್ಕ. ಕೆಲವು ವರ್ಷಗಟ್ಟಲೆ ಬೆಳೆಯುವುದೇ ಇಲ್ಲ. ಹತ್ತಿರದ ಗ್ರಂಥಿಗಳಿಗೆ, ಮೂಳೆಗೆ, ಶ್ವಾಸಕೋಶಕ್ಕೆ ಹರಡುವುದು ನೂರರಲ್ಲಿ ಹತ್ತಕ್ಕಿಂತ ಕಡಿಮೆ ಜನರಲ್ಲಿ. ಹಾಗಾದರೆ ಮೊಬೈಲಿನಲ್ಲಿ ಎರಡೂ ಥರ ಯಾಕೆ ಬರೆದಿದೆ? ಹರಡುವ ಗಡ್ಡೆ ಯಾವುದು, ಹರಡದ್ದು ಯಾವುದು ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಲು ಆಗುವುದಿಲ್ಲ. ಎರಡೂ ಒಂದೇ ಥರ ಕಾಣುತ್ತವೆ. ಬೇರೆ ಜಾಗದಲ್ಲಿ ಕಾಣಿಸಿಕೊಂಡರೆ ಮಾತ್ರ ಹರಡಿದೆ ಎಂದು ಹೇಳಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2017ರ ತನ್ನ ವರ್ಗೀಕರಣದಲ್ಲಿ ಈ ಗಡ್ಡೆಗಳಿಗೆ ‘ಸಾಧು’, ‘ಮಾರಕ’ ಎಂಬ ಎರಡು ಗುಂಪು ಮಾಡುವುದನ್ನೇ ಬಿಟ್ಟಿತು. ಎಲ್ಲದರ ಮೇಲೂ ಒಂದು ಕಣ್ಣಿಟ್ಟಿರಬೇಕು ಎಂಬುದು ಅದರ ಅರ್ಥ. ನಾಲ್ಕು ವರ್ಷದಿಂದ ನೋವಿಲ್ಲದೆ, ದನಿ ಕೆಡದೆ, ನುಂಗಲು ತೊಂದರೆಯಾಗದೆ ಇರುವ 3.2 ಸೆಂಟಿಮೀಟರಿನ ಗಂಟು ನಿಮ್ಮದು. ಅದು ಈ ವಾರವೇ ಕತ್ತರಿಸಿ ತೆಗೆಯಬೇಕಾದ ತುರ್ತು ಅಲ್ಲ.

ಇನ್ನು ಇದು ಏನು ಅಂತ ನೋಡೋಣ. ಎದೆಯಿಂದ ತಲೆಗೆ ರಕ್ತ ಒಯ್ಯುವ ದೊಡ್ಡ ನಾಳ ಕುತ್ತಿಗೆಯ ಎರಡೂ ಬದಿಯಲ್ಲಿ ಇದೆ. ಅದೇ ಕ್ಯಾರೋಟಿಡ್. ದವಡೆಯ ಮೂಲೆಯಿಂದ ಸ್ವಲ್ಪ ಕೆಳಗೆ ಅದು ಎರಡಾಗಿ ಕವಲೊಡೆಯುತ್ತದೆ. ಒಂದು ಮಿದುಳಿಗೆ, ಇನ್ನೊಂದು ಮುಖಕ್ಕೆ. ಆ ಕವಲಿನ ಸಂದಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಒಂದು ಅಂಗ ಕೂತಿರುತ್ತದೆ. ಅದರ ಹೆಸರೇ ಕ್ಯಾರೋಟಿಡ್ ಬಾಡಿ. ನಿಮಗೂ ಇದೆ, ನನಗೂ ಇದೆ, ಎರಡೆರಡು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅದು ಸದಾ ರುಚಿ ನೋಡುತ್ತಾ ಇರುತ್ತದೆ. ಕಡಿಮೆಯಾದರೆ ಕೂಡಲೇ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಉಸಿರು ಜೋರಾಗುತ್ತದೆ. ಇಲ್ಲಿಂದ ಉಸಿರಾಟವನ್ನು ಹತೋಟಿ ಮಾಡುವ ಬಗೆಯನ್ನು ತೋರಿಸಿಕೊಟ್ಟ ಬೆಲ್ಜಿಯಂನ ಕಾರ್ನೇಲ್ ಹೇಮಾನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಬಂತು. ಅಕ್ಕಿಕಾಳಿನಷ್ಟು ಅಂಗಕ್ಕೆ ಇಷ್ಟು ದೊಡ್ಡ ಕೆಲಸ! ನನಗೆ ಇವತ್ತಿಗೂ ಇದು ಅಚ್ಚರಿಯೇ.

ಈ ಅಂಗದ ಜೀವಕೋಶಗಳು ಬೆಳೆದು ಗಡ್ಡೆಯಾದರೆ ಅದೇ ನಿಮ್ಮ ರಿಪೋರ್ಟಿನಲ್ಲಿರುವ ಉದ್ದ ಹೆಸರು. ತಲೆ ಮತ್ತು ಕುತ್ತಿಗೆಯ ಗಡ್ಡೆಗಳನ್ನೆಲ್ಲ ಸೇರಿಸಿದರೆ ಪ್ಯಾರಾಗ್ಯಾಂಗ್ಲಿಯೋಮಾಗಳ ಪಾಲು ನೂರಕ್ಕೆ ಒಂದೂ ಇಲ್ಲ. ಆ ಸಣ್ಣ ಪಾಲಿನಲ್ಲಿ ಹೆಚ್ಚಾಗಿ ಕಾಣುವುದು ಮಾತ್ರ ಇದೇ, ಕ್ಯಾರೋಟಿಡ್ ಬಾಡಿಯದು.

ಇಷ್ಟು ಅಪರೂಪದ್ದನ್ನು ಮೊದಲು ನೋಡಿದವರು ಟಿಬಿ ಅಂದುಕೊಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಕಡೆ ಕುತ್ತಿಗೆಯ ಗಂಟು ಅಂದ ಕೂಡಲೇ ಟಿಬಿ ನೆನಪಾಗಲೇಬೇಕು. ಅಷ್ಟು ಸಾಮಾನ್ಯ ಅದು. ಹಳಬರು ಗಂಡಮಾಲೆ ಎನ್ನುತ್ತಿದ್ದುದು ಬಹಳ ಸಲ ಇದನ್ನೇ. ಆದರೆ ಟಿಬಿ ಗಂಟು ಒಂಟಿಯಾಗಿ ಇರುವುದು ಕಡಿಮೆ. ಎರಡು ಮೂರು ಒಟ್ಟಿಗೆ ಅಂಟಿಕೊಂಡಿರುತ್ತವೆ. ಕೆಲವು ಮೆತ್ತಗಾಗಿ, ಒಡೆದು ಸೋರುತ್ತವೆ. ಕೆಲವರಿಗೆ ಸಂಜೆ ಜ್ವರ ಬರುತ್ತದೆ, ತೂಕ ಇಳಿಯುತ್ತದೆ. ಸೂಜಿಯಲ್ಲಿ ಬಂದದ್ದನ್ನು ಸಿಬಿನ್ಯಾಟ್ ಎಂಬ ಟಿಬಿ ಪರೀಕ್ಷೆಗೆ ಕಳಿಸಿದರೆ ಬಹಳಷ್ಟು ಸಲ ರೋಗಾಣು ಸಿಕ್ಕಿಬಿಡುತ್ತದೆ. ಕೆಲವೊಮ್ಮೆ ಸಾಕ್ಷಿ ಸಿಗದೆಯೂ ಮಾತ್ರೆ ಶುರು ಮಾಡಬೇಕಾಗುತ್ತದೆ, ಒಪ್ಪುತ್ತೇನೆ. ನಿಮ್ಮ ವಿಷಯದಲ್ಲಿ ನನಗೆ ಬೇಸರವಾದದ್ದು ಬೇರೆ. ಎರಡು ಮೂರು ತಿಂಗಳಾದರೂ ಗಂಟು ಜಗ್ಗದೆ ಇದ್ದಾಗ ಯಾರಾದರೂ ನಿಲ್ಲಿಸಿ, ‘ಇದು ಟಿಬಿ ಹೌದಾ?’ ಎಂದು ಮತ್ತೆ ಕೇಳಬೇಕಿತ್ತು. ಸೂಜಿಯಲ್ಲಿ ಬರೀ ರಕ್ತ ಬಂದಿದ್ದೇ ಒಂದು ಸುಳಿವಾಗಿತ್ತು.

ನಾನು ಕಲಿಯುತ್ತಿದ್ದ ಕಾಲದಲ್ಲಿ ಇಂಥದ್ದೊಂದು ಗಂಟಿಗೆ ನನ್ನ ಕಣ್ಣೆದುರೇ ಸೂಜಿ ಹಾಕಿದ್ದರು. ಎಳೆಯುವ ಮೊದಲೇ ಸಿರಿಂಜು ಕೆಂಪಗೆ ತುಂಬಿತು. ಅರ್ಧ ಗಂಟೆ ಒತ್ತಿ ಹಿಡಿದುಕೊಂಡು ಕೂತಿದ್ದೆವು. ಆ ಹೆಂಗಸು ನಮ್ಮ ಮುಖ ನೋಡುತ್ತಲೇ ಇದ್ದರು. ಅವರಿಗೆ ಏನೂ ಆಗಲಿಲ್ಲ, ಪುಣ್ಯ. ಈ ಗಡ್ಡೆ ಪೂರ್ತಿ ರಕ್ತನಾಳಗಳ ಬಲೆ. ಸಣ್ಣ ಸೂಜಿಯಿಂದಲೇ ರಕ್ತ ಕಟ್ಟಿಕೊಳ್ಳಬಹುದು. ಇನ್ನು ಚಾಕುವಿನಿಂದ ತುಂಡು ತೆಗೆದು ಪರೀಕ್ಷೆಗೆ ಕಳಿಸಲು ಹೋದರೆ ಜೀವಕ್ಕೇ ಅಪಾಯ. ಆದ್ದರಿಂದ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ‘ತುಂಡು ತೆಗೆದು ನೋಡೋಣ’ ಎಂದು ಇನ್ನು ಮುಂದೆ ಯಾರೇ ಹೇಳಿದರೂ ಒಪ್ಪಬೇಡಿ. ಮೊದಲು ಈ ಸ್ಕ್ಯಾನಿಂಗ್ ರಿಪೋರ್ಟು ತೋರಿಸಿ. ಈ ಗಡ್ಡೆಯನ್ನು ಗುರುತಿಸಲು ಸ್ಕ್ಯಾನಿಂಗೇ ಸಾಕು.

ಬೆರಳಿನಿಂದಲೂ ಸುಮಾರಾಗಿ ಗುರುತು ಹಿಡಿಯಬಹುದು. ಗಂಟು ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ, ಮೇಲಕ್ಕೂ ಕೆಳಕ್ಕೂ ಸರಿಯುವುದಿಲ್ಲ. ನಾಳದ ಕವಲಿಗೆ ಅಂಟಿಕೊಂಡಿರುವುದರಿಂದ ಹೀಗೆ. ಮೇಲೆ ಬೆರಳಿಟ್ಟರೆ ನಾಡಿ ಬಡಿತ ಗೊತ್ತಾಗಬಹುದು. ಇದನ್ನು ಮನೆಯಲ್ಲಿ ಮತ್ತೆ ಮತ್ತೆ ಒತ್ತಿ ನೋಡಬೇಡಿ. ಅಲ್ಲಿ ಒತ್ತಿದರೆ ಕೆಲವರಿಗೆ ನಾಡಿ ಇಳಿದು ತಲೆ ಸುತ್ತುತ್ತದೆ. ಸ್ಕ್ಯಾನಿಂಗ್‌ನಲ್ಲಿ ನೋಡುವುದು ಕವಲಿನ ಆಕಾರ. ಕವೆಗೋಲಿನ ಸಂದಿಯಲ್ಲಿ ನಿಂಬೆಹಣ್ಣು ಸಿಕ್ಕಿಸಿದರೆ ಎರಡು ಕಡ್ಡಿಗಳೂ ಅಗಲವಾಗುತ್ತವಲ್ಲ, ಹಾಗೆ ಇಲ್ಲಿ ಎರಡೂ ನಾಳಗಳು ಬೇರೆ ಬೇರೆ ಕಡೆಗೆ ಸರಿದಿರುತ್ತವೆ. ಪಕ್ಕದಲ್ಲೇ, ತಲೆಯಿಂದ ಎದೆಯ ಕಡೆಗೆ ಇಳಿಯುವ ವೇಗಸ್ ಎಂಬ ನರದಲ್ಲೂ ಗಡ್ಡೆಗಳು ಬರುತ್ತವೆ. ಅವು ಸಾಮಾನ್ಯವಾಗಿ ಎರಡೂ ನಾಳಗಳನ್ನು ಒಟ್ಟಿಗೆ ಮುಂದಕ್ಕೆ ತಳ್ಳುತ್ತವೆ. ಈ ಒಂದು ವ್ಯತ್ಯಾಸದಿಂದಲೇ ಎಷ್ಟೋ ಸಲ ಗೊಂದಲ ಮುಗಿದುಬಿಡುತ್ತದೆ.

ಈಗ ಅಪ್ಪನ ಗಂಟಿಗೆ ಬರೋಣ.

ಪೆರುವಿನ ಆಂಡಿಸ್ ಬೆಟ್ಟಗಳಲ್ಲಿ ಸೆರೊ ದೆ ಪಾಸ್ಕೊ ಎಂಬ ಗಣಿ ಊರಿದೆ. ಸಮುದ್ರ ಮಟ್ಟದಿಂದ 4,300 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತ ಜಾಸ್ತಿ. ಅಂಥ ಎತ್ತರದಲ್ಲಿ ಹುಟ್ಟಿ ಬೆಳೆದವರಲ್ಲಿ ಈ ಗಡ್ಡೆ ಹೆಚ್ಚು, ಅದರಲ್ಲೂ ಹೆಂಗಸರಲ್ಲಿ. ಅಲ್ಲಿನ ದನಗಳಲ್ಲೂ ಕಂಡಿದೆ. ಗಾಳಿ ತೆಳು, ಆಮ್ಲಜನಕ ಕಡಿಮೆ. ಅದನ್ನು ಅಳೆಯುವ ಅಂಗ ಜೀವಮಾನವಿಡೀ ಬಿಡುವಿಲ್ಲದೆ ದುಡಿದು ದಪ್ಪಗಾಗುತ್ತದೆ, ಕೆಲವರಲ್ಲಿ ಗಡ್ಡೆಯೇ ಆಗುತ್ತದೆ. ಸಾಗರದಲ್ಲಿ ಬೆಳೆದ ನಿಮಗೆ ಈ ಕಾರಣ ಅನ್ವಯಿಸುವುದಿಲ್ಲ.

ಹಾಗಾದರೆ ಇನ್ನೊಂದು ಕಾರಣ ನೋಡಬೇಕು. ಎಷ್ಟೋ ಕಡೆ ಸಮುದ್ರಕ್ಕಿಂತ ತಗ್ಗಿನಲ್ಲಿರುವ ನೆದರ್‌ಲ್ಯಾಂಡ್ಸ್‌ನಲ್ಲಿ (ಹಾಲೆಂಡ್) ಕೆಲವು ಮನೆತನಗಳಲ್ಲಿ ಈ ಗಡ್ಡೆ ತಲೆಮಾರುಗಳಿಂದ ಬರುತ್ತಿತ್ತು. ವೈದ್ಯರು ವಂಶಾವಳಿ ಬರೆದು ನೋಡಿದಾಗ ಒಂದು ವಿಚಿತ್ರ ಕಂಡಿತು. ಅಪ್ಪನ ಕಡೆಯಿಂದ ಬಂದವರಿಗೆ ಮಾತ್ರ ಗಡ್ಡೆ. ಅಮ್ಮನ ಕಡೆಯಿಂದ ಬಂದವರಿಗೆ ಇಲ್ಲ. 2000ದಲ್ಲಿ ಇದರ ಹಿಂದಿರುವ ಜೀನ್ ಸಿಕ್ಕಿತು. ಹೆಸರು ಎಸ್‌ಡಿಹೆಚ್‌ಡಿ. ಜೀವಕೋಶದೊಳಗೆ ಶಕ್ತಿ ಹುಟ್ಟಿಸುವ ಒಲೆ ಇದೆ ಎಂದುಕೊಳ್ಳಿ. ಆ ಒಲೆಯ ಒಂದು ಭಾಗವನ್ನು ಮಾಡುವ ಜೀನ್ ಇದು. ಅದು ಕೆಟ್ಟರೆ ಸಕ್ಸಿನೇಟ್ ಎಂಬ ವಸ್ತು ಹೊಗೆಯಂತೆ ಒಳಗೇ ತುಂಬಿಕೊಳ್ಳುತ್ತದೆ. ರಕ್ತದಲ್ಲಿ ಬೇಕಾದಷ್ಟು ಆಮ್ಲಜನಕ ಇದ್ದರೂ ಜೀವಕೋಶಕ್ಕೆ ಇಲ್ಲ ಎಂದೇ ಅನಿಸುತ್ತದೆ. ಬೆಟ್ಟದ ಮೇಲಿದ್ದವರ ಜೀವಕೋಶದಂತೆ ಅದೂ ಬೆಳೆಯತೊಡಗುತ್ತದೆ. ಪೆರುವಿನ ಬೆಟ್ಟವೂ ಹಾಲೆಂಡಿನ ತಗ್ಗೂ ಹೀಗೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಆಮ್ಲಜನಕ ಇದೆಯೋ ಇಲ್ಲವೋ ಎಂದು ಜೀವಕೋಶ ಹೇಗೆ ತಿಳಿಯುತ್ತದೆ ಎಂಬ ಸಂಶೋಧನೆಗೇ 2019ರ ವೈದ್ಯಕೀಯ ನೊಬೆಲ್ ಹೋಯಿತು. ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಎಂಬ ಮೂವರಿಗೆ.

ಈ ಗಡ್ಡೆ ಬಂದ ನೂರು ಜನರಲ್ಲಿ ಸುಮಾರು ಮೂವತ್ತರಿಂದ ನಲವತ್ತು ಜನರಿಗೆ ಇಂಥ ಯಾವುದಾದರೊಂದು ಜೀನ್ ದೋಷ ಇರುತ್ತದೆ. ಅಪ್ಪನಿಗೂ ಗಂಟು ಇದ್ದಿದ್ದರಿಂದ ನಿಮ್ಮಲ್ಲಿ ಆ ಅನುಮಾನ ಇನ್ನೂ ಜಾಸ್ತಿ. ನಿಮ್ಮ ರಕ್ತದಿಂದ ಮಾಡುವ ಜೀನ್ ಪರೀಕ್ಷೆ ಇದೆ, ಬೆಂಗಳೂರಿನಲ್ಲಿ ಮಾಡಿಸಬಹುದು. ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶದಿಂದ ಬರುವ ಕಾಯಿಲೆಗಳ ಬಗ್ಗೆ ಸಲಹೆ, ಮಾಡುವವರ ಜೊತೆ ಒಮ್ಮೆ ಕೂತು ಮಾತಾಡಿ ಆಮೇಲೆ ಮಾಡಿಸಿ.

ಎಸ್‌ಡಿಹೆಚ್‌ಡಿ ದೋಷ ಎಂದೇ ಬಂತು ಎಂದಿಟ್ಟುಕೊಳ್ಳಿ. ಆಗ ನಿಮ್ಮ ಮಗ, ಮಗಳು ಇಬ್ಬರಿಗೂ ಆ ಜೀನ್ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಅವರಿಗೆ ಅದು ಅಮ್ಮನಿಂದ, ಅಂದರೆ ನಿಮ್ಮಿಂದ ಬಂದದ್ದು. ಅಮ್ಮನಿಂದ ಬಂದಾಗ ಗಡ್ಡೆ ಆಗುವುದು ಬಹಳ ಬಹಳ ಅಪರೂಪ. ಆದ್ದರಿಂದ ಮಕ್ಕಳ ಬಗ್ಗೆ ನೀವು ಇಷ್ಟೊಂದು ಹೆದರಬೇಕಾಗಿಲ್ಲ. ಯೋಚಿಸಬೇಕಾದದ್ದು ನಿಮ್ಮ ತಮ್ಮನ ಬಗ್ಗೆ. ಅವರಿಗೂ ನಿಮ್ಮಂತೆ ಅಪ್ಪನಿಂದಲೇ ಬಂದಿರಬಹುದು, ಅರ್ಧಕ್ಕರ್ಧ ಸಾಧ್ಯತೆ. ಬಂದಿದ್ದರೆ ಅವರಿಗೂ ಗಡ್ಡೆ ಆಗಬಹುದು. ಅವರ ಮಕ್ಕಳಿಗೂ ದಾಟಬಹುದು. ಇನ್ನೊಂದು ವಿಷಯ. ನಿಮ್ಮ ಮಗನಲ್ಲಿ ಆ ಜೀನ್ ಇದ್ದರೆ ಅವನಿಗೆ ಏನೂ ಆಗದಿದ್ದರೂ ಅವನ ಮಕ್ಕಳಿಗೆ ಅದು ಅಪ್ಪನಿಂದ ಬಂದಂತಾಗುತ್ತದೆ. ಅಂದರೆ ಒಂದು ತಲೆಮಾರು ಬಿಟ್ಟು ಮೊಮ್ಮಕ್ಕಳಲ್ಲಿ ಮತ್ತೆ ಕಾಣಬಹುದು. ಮಗಳ ಮಕ್ಕಳಲ್ಲಿ ಆ ಭಯ ಬಹುತೇಕ ಇಲ್ಲ. ‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಎಂದು ಎಷ್ಟೋ ಜನ ಹೇಳುವುದು ಇದೇ ಕಾರಣಕ್ಕೆ. ಅಮ್ಮನಿಂದ ಪಡೆದವರಲ್ಲಿ ಜೀನ್ ಸುಮ್ಮನೆ ಅಡಗಿ ಕೂತಿರುತ್ತದೆ.

ಬೇರೆ ಜೀನ್‌ಗಳಲ್ಲಿ ಲೆಕ್ಕ ಬೇರೆ. ಎಸ್‌ಡಿಹೆಚ್‌ಬಿ ಎಂಬುದರಲ್ಲಿ ಅಮ್ಮನಿಂದ ಬಂದರೂ ಗಡ್ಡೆ ಆಗಬಹುದು, ಹರಡುವ ಸಾಧ್ಯತೆಯೂ ಅದರಲ್ಲೇ ಜಾಸ್ತಿ. ಅದಕ್ಕೇ ಯಾವ ಜೀನ್ ಎಂದು ಹೆಸರು ಗೊತ್ತಾಗುವುದು ಮುಖ್ಯ. ಹೆಸರು ಗೊತ್ತಾದ ಮೇಲೆ ತಮ್ಮನಿಗೆ ಅದೊಂದನ್ನೇ ನೋಡಿದರೆ ಸಾಕು. ಅವರಲ್ಲಿ ಇಲ್ಲ ಎಂದು ಬಂದರೆ ಅವರೂ ಅವರ ಮಕ್ಕಳೂ ಈ ಚಿಂತೆಯಿಂದ ಪೂರ್ತಿ ಬಿಡುಗಡೆ. ಇದೆ ಎಂದು ಬಂದರೆ ಆಗಾಗ ಎಂಆರ್‌ಐ ಮಾಡಿಸಿ, ಗಡ್ಡೆ ಕಡಲೆಕಾಳಿನಷ್ಟಿದ್ದಾಗಲೇ ಹಿಡಿಯಬಹುದು. ಹೆಣ್ಣು ಕೊಡುವ, ತರುವ ಮಾತು ಬಂದಾಗ ಇದೆಲ್ಲ ತೊಡಕಾಗುತ್ತದೆ ಎಂದು ಬಹಳ ಜನ ಮುಚ್ಚಿಡುತ್ತಾರೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಊರಿಗೆಲ್ಲ ಹೇಳಬೇಕಾಗಿಲ್ಲ. ಒಡಹುಟ್ಟಿದವರಿಗೆ ಮಾತ್ರ ಹೇಳಲೇಬೇಕು.

ಇನ್ನು ಚಿಕಿತ್ಸೆ. ನೀವು ಹೋಗಬೇಕಾದದ್ದು ತಲೆ-ಕುತ್ತಿಗೆ ಶಸ್ತ್ರಚಿಕಿತ್ಸಕರೂ ರಕ್ತನಾಳದ ಶಸ್ತ್ರಚಿಕಿತ್ಸಕರೂ ಒಂದೇ ಕಡೆ ಇರುವ ದೊಡ್ಡಾಸ್ಪತ್ರೆಗೆ. ‘ನೀವು ಇಂಥ ಗಡ್ಡೆ ಎಷ್ಟು ತೆಗೆದಿದ್ದೀರಿ?’ ಎಂದು ಕೇಳಲು ಸಂಕೋಚ ಬೇಡ. ಕೇಳಿದರೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಈ ಆಪರೇಷನ್ ಮಾಡಿಸಿಕೊಳ್ಳಬೇಡಿ.

ಅಲ್ಲಿ ಆಪರೇಷನ್‌ಗೆ ಮೊದಲು ಎರಡು ಕೆಲಸ ಆಗಿರಬೇಕು. ಮೊದಲನೆಯದು ಮೆಟನೆಫ್ರಿನ್ ಪರೀಕ್ಷೆ, ಅಂದರೆ ಅಡ್ರಿನಲಿನ್ ಒಡೆದು ಆಗುವ ವಸ್ತುವನ್ನು ಅಳೆಯುವುದು, ರಕ್ತದಲ್ಲೋ 24 ಗಂಟೆಯ ಮೂತ್ರದಲ್ಲೋ. ಈ ಜಾತಿಯ ಕೆಲವೇ ಕೆಲವು ಗಡ್ಡೆಗಳು ಅಡ್ರಿನಲಿನ್ ಥರದ ರಸ ಸುರಿಸುತ್ತವೆ. ಅಂಥವರಿಗೆ ಎದೆ ಡವಡವ ಎನ್ನುವುದು, ಬೆವರು, ತಲೆನೋವು, ಬಿಪಿ ಏರುವುದು ಇರುತ್ತದೆ. ಕುತ್ತಿಗೆಯ ಗಡ್ಡೆಗಳಲ್ಲಿ ಇದು ಬಹಳ ಕಡಿಮೆ. ಆದರೂ ತಿಳಿಯದೆ ಅರಿವಳಿಕೆ ಕೊಟ್ಟರೆ ಬಿಪಿ ಒಮ್ಮೆಲೇ ಎಲ್ಲಿಗೋ ಹೋಗಿಬಿಡುತ್ತದೆ. ಮೊದಲೇ ಗೊತ್ತಿದ್ದರೆ ಒಂದೆರಡು ವಾರ ಮಾತ್ರೆ ಕೊಟ್ಟು ಸಿದ್ಧ ಮಾಡುತ್ತಾರೆ. ಅದೇ ರಸ ಹೊಟ್ಟೆಯಲ್ಲಿರುವ ಇನ್ನೊಂದು ಗಡ್ಡೆಯಿಂದಲೂ ಬರುತ್ತಿರಬಹುದು, ಅದನ್ನೂ ಹುಡುಕಬೇಕಾಗುತ್ತದೆ. ಎರಡನೆಯದು ಎಡಗಡೆ ಕುತ್ತಿಗೆ ಮತ್ತು ತಲೆಬುರುಡೆಯ ತಳ ಸೇರಿದಂತೆ ಪೂರ್ತಿ ಎಂಆರ್‌ಐ. ವಂಶದಿಂದ ಬಂದವರಲ್ಲಿ ಎರಡೂ ಬದಿಗೆ ಗಡ್ಡೆ ಇರುವುದು ಮಾಮೂಲಿ. ಹಾಗಿದ್ದರೆ ಇಡೀ ಯೋಜನೆಯೇ ಬದಲಾಗುತ್ತದೆ. ಎರಡೂ ಬದಿಯನ್ನು ಒಟ್ಟಿಗೆ ಮುಟ್ಟುವ ಹಾಗಿಲ್ಲ. ಎರಡೂ ಕಡೆಯ ವೇಗಸ್ ನರಕ್ಕೆ ಪೆಟ್ಟಾದರೆ ಮಾತು, ನುಂಗುವುದು, ಉಸಿರು ಮೂರಕ್ಕೂ ಕುತ್ತು. ಬಿಪಿಯನ್ನು ಹದದಲ್ಲಿಡುವ ನರಗಳೂ ಅಲ್ಲೇ ಇವೆ. ಎರಡೂ ಕಡೆ ಹೋದರೆ ಬಿಪಿ ಮೇಲೆ ಕೆಳಗೆ ಜಿಗಿಯತೊಡಗುತ್ತದೆ.

ಒಂದೇ ಬದಿಗೆ ಇದ್ದರೆ, ನಿಮ್ಮ ವಯಸ್ಸಿಗೆ, ಈ ಗಾತ್ರಕ್ಕೆ, ತೆಗೆಸುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಮುಂದೆ ಮೂವತ್ತು ನಲವತ್ತು ವರ್ಷದ ಬದುಕಿದೆ. ನಿಧಾನವಾಗಿ ಬೆಳೆದರೂ ಬೆಳೆಯುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಶ್ಯಾಂಬ್ಲಿನ್ ಮತ್ತು ಜೊತೆಯವರು 1971ರಲ್ಲಿ ಈ ಗಡ್ಡೆಗಳನ್ನು ಮೂರು ವರ್ಗ ಮಾಡಿದರು. ಗಡ್ಡೆ ನಾಳಕ್ಕೆ ಎಷ್ಟು ಅಂಟಿದೆ ಎಂಬುದರ ಮೇಲೆ. ಮೊದಲ ವರ್ಗದ್ದು ಸುಲಭವಾಗಿ ಬಿಡಿಸಿ ಬರುತ್ತದೆ. ಎರಡನೆಯದು ನಾಳವನ್ನು ಅರ್ಧ ತಬ್ಬಿರುತ್ತದೆ. ಮೂರನೆಯದು ಪೂರ್ತಿ ಸುತ್ತುವರಿದಿರುತ್ತದೆ, ಅಲ್ಲಿ ನಾಳವನ್ನೇ ಕತ್ತರಿಸಿ ಹೊಸ ತುಂಡು ಜೋಡಿಸಬೇಕಾಗಬಹುದು. ನಿಮ್ಮದು ಯಾವ ವರ್ಗ ಎಂದು ಸ್ಕ್ಯಾನಿಂಗ್ ನೋಡಿಯೇ ಅಂದಾಜು ಮಾಡುತ್ತಾರೆ, ಕೇಳಿ ತಿಳಿದುಕೊಳ್ಳಿ. ಕೆಲವು ಕಡೆ ಒಂದೆರಡು ದಿನ ಮುಂಚೆ ಗಡ್ಡೆಗೆ ಹೋಗುವ ಸಣ್ಣ ನಾಳಗಳನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಅದು ಎಲ್ಲರಿಗೂ ಬೇಕಾಗುವುದಿಲ್ಲ.

ಅಪಾಯವನ್ನೂ ಮುಚ್ಚಿಡದೆ ಹೇಳುತ್ತೇನೆ. ಲಕ್ವ ಹೊಡೆಯುವ ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾಗದು. ಅದಕ್ಕಿಂತ ಹೆಚ್ಚಾಗಿ ಕಾಣುವುದು ನರದ ತೊಂದರೆ. ದನಿ ಒಡೆಯುವುದು, ನಾಲಿಗೆ ಒಂದು ಬದಿಗೆ ವಾಲುವುದು, ನೀರು ಕುಡಿದರೆ ಕೆಮ್ಮು ಬರುವುದು. ಬಹಳಷ್ಟು ಜನರಲ್ಲಿ ಕೆಲವು ತಿಂಗಳಲ್ಲಿ ಸುಧಾರಿಸುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ಗಡ್ಡೆ ದೊಡ್ಡದಾದಷ್ಟೂ ಈ ತೊಂದರೆ ಜಾಸ್ತಿ. ಒಂದೆರಡು ತಿಂಗಳು ತಯಾರಿಗೆ ತೆಗೆದುಕೊಳ್ಳಿ, ಅದರಿಂದ ನಷ್ಟವಿಲ್ಲ. ಹತ್ತು ವರ್ಷ ಮುಂದೂಡಬೇಡಿ. ಎಪ್ಪತ್ತು ದಾಟಿದವರಿಗಾದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಸುಮ್ನೆ ನೋಡುತ್ತಾ ಇರಿ, ಬೆಳೆದರೆ ರೇಡಿಯೇಷನ್ ಕೊಡೋಣ ಎಂದು. ರೇಡಿಯೇಷನ್‌ನಿಂದ ಗಡ್ಡೆ ಮಾಯವಾಗುವುದಿಲ್ಲ, ಬೆಳೆಯುವುದು ಮಾತ್ರ ಹೆಚ್ಚಿನವರಲ್ಲಿ ನಿಲ್ಲುತ್ತದೆ.

ಆ ಅಂಗವನ್ನೇ ತೆಗೆದರೆ ಉಸಿರಾಟಕ್ಕೆ ತೊಂದರೆ ಆಗುವುದಿಲ್ಲವಾ ಎಂದು ನೀವು ಕೇಳಿಲ್ಲ, ಆದರೆ ಇಷ್ಟು ಓದಿದ ಮೇಲೆ ಆ ಅನುಮಾನ ಬಂದೇ ಬರುತ್ತದೆ. ಇನ್ನೊಂದು ಬದಿಯದು ಆ ಕೆಲಸ ನೋಡಿಕೊಳ್ಳುತ್ತದೆ, ಚಿಂತೆ ಬೇಡ.

ಸೊಪ್ಪಿನ ಪಟ್ಟಿನಿಂದ ಇದು ಕರಗುವುದಿಲ್ಲ. ನಿಮ್ಮತ್ತೆಯವರ ಕಾಳಜಿ ದೊಡ್ಡದು. ಅವರಿಗೆ ಹೇಳಿ, ಇದು ಕೀವಿನ ಗಂಟಲ್ಲ, ರಕ್ತನಾಳದ ಕವಲಿನ ಮೇಲೆ ಕೂತಿರುವ ಗಡ್ಡೆ ಎಂದು. ತಿಕ್ಕುವುದು, ಬಿಸಿ ಶಾಖ ಕೊಡುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ.

ಆಪರೇಷನ್ ಆದ ಮೇಲೆ ಒಂದು ಸಣ್ಣ ತೊಂದರೆ ಬರಬಹುದು. ಮೊದಲೇ ತಿಳಿದಿದ್ದರೆ ಗಾಬರಿ ಆಗುವುದಿಲ್ಲ. ಊಟಕ್ಕೆ ಕೂತಾಗ ಮೊದಲ ತುತ್ತಿಗೆ ಮಾತ್ರ ದವಡೆಯ ಹತ್ತಿರ ಚಳಕ್ಕೆಂದು ನೋವು ಬರುತ್ತದೆ. ಎರಡನೆಯ, ಮೂರನೆಯ ತುತ್ತಿಗೆ ಕಡಿಮೆಯಾಗುತ್ತದೆ. ಜೊಲ್ಲಿನ ಗ್ರಂಥಿಗೆ ಹೋಗುವ ಸಣ್ಣ ನರಗಳು ಆಪರೇಷನ್ನಿನಲ್ಲಿ ಕಡಿದುಹೋಗಿರುವುದರಿಂದ ಹೀಗೆ. ಹುಳಿಯಿಂದ ಅದು ಕೆರಳುತ್ತದೆ. ಕೆಲವು ತಿಂಗಳು ಉಪ್ಪಿನಕಾಯಿ, ನಿಂಬೆಹುಳಿಯಿಂದ ಊಟ ಶುರು ಮಾಡಬೇಡಿ. ಮೊದಲ ತುತ್ತು ಸಪ್ಪೆ ಅನ್ನ-ಮಜ್ಜಿಗೆ ಕೂಡ ಬೇಡ, ಅನ್ನ-ಹಾಲು ಇರಲಿ.

ತಮ್ಮನಿಗೆ ಈ ವಾರವೇ ಫೋನ್ ಮಾಡಿ. ಅಪ್ಪನ ಹಳೆಯ ಫೋಟೋಗಳನ್ನು ಇಬ್ಬರೂ ಕೂತು ನೋಡಿ, ಗಂಟು ಯಾವ ಬದಿಗೆ ಇತ್ತು, ಯಾವ ವರ್ಷದ ಫೋಟೋದಿಂದ ಕಾಣುತ್ತದೆ ಎಂದು. ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆಯರ ಕುತ್ತಿಗೆಯನ್ನೂ ಗಮನಿಸಿ. ಅದೇ ಫೋಟೋಗಳನ್ನು ಟಿಬಿ ಚೀಟಿ, ಸೂಜಿ ಪರೀಕ್ಷೆಯ ರಿಪೋರ್ಟು, ಸ್ಕ್ಯಾನಿಂಗ್‌ನ ಸಿಡಿ ಜೊತೆ ಕೌನ್ಸೆಲಿಂಗ್‌ಗೆ ತೆಗೆದುಕೊಂಡು ಹೋಗಿ. ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ.